ಎರಡನೇ ಗೇರಿನ ಘಟ್ಟಗಳು

ಘಟ್ಟ ಹತ್ತುವಾಗ ಪದ್ಮಿನಿ ಕಾರನ್ನು ಕಿವಿಯಿಂದ ಓಡಿಸಬೇಕು. ಮೂರನೇ ಗೇರಿನಲ್ಲಿ ಇಂಜಿನ್ನಿನ ದನಿ ಭಾರವಾಯಿತೆಂದರೆ ತಿರುವು ಬರುವ ಮೊದಲೇ ಎರಡಕ್ಕೆ ಇಳಿಸಿಬಿಡಬೇಕು. ತಿರುವಿನಲ್ಲಿ ನೋಡಿಕೊಂಡರಾಯಿತೆಂದು ಬಿಟ್ಟರೆ ಗಾಡಿ ನಡುರಸ್ತೆಯಲ್ಲಿ ಉಸಿರುಗಟ್ಟುತ್ತದೆ. ಒಂದನೇ ಗೇರು ಬೀಳಬೇಕಾದರೆ ಪೂರ್ತಿ ನಿಲ್ಲಿಸಲೇಬೇಕು. ಗೇರಿನ ಕೋಲು ಸ್ಟಿಯರಿಂಗಿನ ಬುಡದಲ್ಲೇ, ಎಡಗೈಗೆ ಸಿಗುವಂತೆ ಇದೆ. 1089 ಸಿಸಿ ಇಂಜಿನ್ನು, 40ರ ಆಸುಪಾಸಿನ ಹಾರ್ಸ್‌ಪವರ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಇಷ್ಟನ್ನೇ ಕಟ್ಟಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟಗಳನ್ನು ಹತ್ತಿ ಇಳಿಯಬೇಕು. ಅದು ಹತ್ತುತ್ತದೆ, ಇಳಿಯುತ್ತದೆ. ಈ ಸೀಮೆ ನೋಡಲಿಕ್ಕೆ ಇದಕ್ಕಿಂತ ತಕ್ಕ ವಾಹನ ಇನ್ನೊಂದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮ ಮನೆಯ ಕಾರು 1975ರದ್ದು. ಅಡಕೆಗೆ ರೇಟು ಬಂದ ವರ್ಷ ಅಪ್ಪ ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಊರಲ್ಲಿ ಎಲ್ಲರೂ ಇದನ್ನು ‘ಫಿಯೆಟ್’ ಎಂದೇ ಕರೆಯುತ್ತಾರೆ, ಅದೇ ಸರಿ ಕೂಡ. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ಹೊಸ ರೂಪದಲ್ಲಿ ಮಾಡತೊಡಗಿತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 2001ರ ಹೊತ್ತಿಗೆ ತಯಾರಿಕೆ ನಿಂತಿತು. ಈ ಕತೆಗೆ ನಮ್ಮ ಕಡೆಯ ಬೇರೊಂದಿದೆ. ಭಾರತದಲ್ಲೇ ಕಾರು ಮಾಡಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಅದಕ್ಕಾಗಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದರು. ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಮೈಸೂರು ಸಂಸ್ಥಾನವೂ ಒಲವು ತೋರಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದ್ದು ಮುಂಬಯಿಯಲ್ಲಿ. ಬೆಂಗಳೂರಿನಲ್ಲಿ ಹುಟ್ಟಬೇಕಾಗಿದ್ದ ಉದ್ಯಮ ಅದು. ಬಾನೆಟ್ ಎತ್ತಿದಾಗಲೆಲ್ಲ ನನಗೆ ಆ ಪೇಟದ ಮುದುಕರ ನೆನಪಾಗುತ್ತದೆ.

ಐವತ್ತು ವರ್ಷ ತುಂಬಿದ ಕಾರಿಗೆ ಈಗ ಕಾನೂನಿನಲ್ಲಿ ಬೇರೆ ಮರ್ಯಾದೆಯಿದೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮೂಲರೂಪ ಕೆಡದ ಹಳೇ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರದ ನಂಬರು ಪಡೆಯಬಹುದು. ಗೆಳೆಯರು ಮಾಡಿಸು ಮಾಡಿಸು ಎಂದರು. ನಾನು ಒಲ್ಲೆನೆಂದೆ. ಆ ನಂಬರು ಬಂದ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಎಂದು ಹೊರಗೆ ತೆಗೆಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಫಿಯೆಟ್ಟು ವಾರಕ್ಕೊಮ್ಮೆಯಾದರೂ ಪೇಟೆಗೆ ಹೋಗಬೇಕು, ಮದುವೆ ಮನೆಗೆ ಹೋಗಬೇಕು, ಹಿಂಡಿ ಚೀಲ ಹೊರಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೇ ಕಾರುಗಳನ್ನು ನೋಡಿ ಮನಸಾರೆ ಕೈಮುಗಿದವನು ನಾನು. ಅಂಥ ಅಪರೂಪದವನ್ನು ಹಾಗೆಯೇ ಕಾಯಬೇಕು. ಆದರೆ ಪದ್ಮಿನಿ ಅಪರೂಪಕ್ಕಾಗಿ ಹುಟ್ಟಿದ್ದಲ್ಲ, ಸಂಸಾರಸ್ಥರಿಗಾಗಿ ಹುಟ್ಟಿದ್ದು. ನಿಲ್ಲಿಸಿಟ್ಟರೆ ಅದರ ಸೀಲುಗಳು ಒಣಗುತ್ತವೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಟ್ಯಾಂಕಿನ ತಳದಲ್ಲಿ ತುಕ್ಕು ಕೂರುತ್ತದೆ, ಸೀಟಿನಡಿ ಇಲಿ ಸಂಸಾರ ಹೂಡುತ್ತದೆ. ಹಾಗಾಗಿ ಮೂರಕ್ಷರದ ಹಳೇ ನಂಬರೇ ಇರಲಿ ಎಂದು ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಬಂದಿದ್ದೇನೆ.

ಅಡಕೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಕಾರಿಗೊಂದು ದೊಡ್ಡ ಸುತ್ತು ಇದ್ದೇ ಇದೆ. ಶಿರಸಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಕುಮಟಾ, ಅಲ್ಲಿಂದ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರ, ಮತ್ತೆ ಶಿರಸಿ. ಅವಸರದವರು ಇದನ್ನು ಒಂದೇ ದಿನದಲ್ಲಿ ಮುಗಿಸಿಯಾರು. ನಾವು ನಡುವೆ ನೆಂಟರ ಮನೆಯಲ್ಲಿ ಉಳಿಯುತ್ತೇವೆ.

ಯಲ್ಲಾಪುರದ ದಾರಿ ಸುಮಾರು 50 ಕಿ.ಮೀ. ಸೋಂದೆಯ ಕಡೆ ಒಂದು ತಿರುವು, ಸಹಸ್ರಲಿಂಗದ ಕಡೆ ಇನ್ನೊಂದು. ಬೇಸಿಗೆ ಹತ್ತಿರವಾಗಿ ಅಲ್ಲಿ ಶಾಲ್ಮಲಾ ಹೊಳೆಯ ನೀರು ಇಳಿದಾಗ ಬಂಡೆಬಂಡೆಗಳ ಮೇಲೆ ಲಿಂಗ, ಎದುರಿಗೆ ನಂದಿ ಕಾಣುತ್ತವೆ. ಸೋಂದೆಯ ಅರಸ ಸದಾಶಿವರಾಯ ಕಡೆಸಿದ್ದೆಂದು ಹೇಳುತ್ತಾರೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಬರಲಿ. ನನ್ನ ಕಣ್ಣು ಮಾತ್ರ ರಸ್ತೆಯ ಎರಡೂ ಬದಿಯ ಸೊಪ್ಪಿನ ಬೆಟ್ಟದ ಮೇಲೆ. ಒಂದೆಕರೆ ಅಡಕೆ ತೋಟಕ್ಕೆ ಸೊಪ್ಪಿಗೆಂದು ಒಂಬತ್ತೆಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಸೀಮೆ ಇದು. ಆ ಬೆಟ್ಟದ ಮರಗಳು ಎಲ್ಲಿಯೂ ಕೈಚಾಚಿ ನಿಂತಿರುವುದಿಲ್ಲ. ಕೊಂಬೆ ಸವರಿಸಿಕೊಂಡು ಸವರಿಸಿಕೊಂಡು ಕಾಂಡಕ್ಕೆ ಅಂಟಿದ ಹಾಗೆ ಚಿಗುರು, ನೆತ್ತಿಯಲ್ಲಿ ಮಾತ್ರ ಒಂದು ಕುಚ್ಚು. ಯಾವ ಬೆಟ್ಟವನ್ನು ಮಿತಿಮೀರಿ ಕಡಿದಿದ್ದಾರೆ, ಯಾವುದರಲ್ಲಿ ಉದುರಿದೆಲೆಯ ದರಕು ಗುಡಿಸಿ ಆಗಿದೆ, ಯಾರು ಬೆಟ್ಟಕ್ಕೆ ಬೇಲಿ ಹಾಕಿ ಗಿಡ ಏಳಲು ಬಿಟ್ಟಿದ್ದಾರೆ ಎಂಬುದು ಗಂಟೆಗೆ 40 ಕಿ.ಮೀ. ವೇಗದಲ್ಲಿ ಚೆನ್ನಾಗಿ ತಿಳಿಯುತ್ತದೆ. 80ರಲ್ಲಿ ಅದೆಲ್ಲ ಬರೇ ಹಸಿರು. ಬೇಡ್ತಿ ಹೊಳೆ ದಾಟಿ ಯಲ್ಲಾಪುರ ಮುಟ್ಟುವಾಗ ಊಟದ ಹೊತ್ತು. ಅಲ್ಲಿ ಅತ್ತೆಯ ಮನೆಯಲ್ಲಿ ಅಪ್ಪೆಹುಳಿ ಕುಡಿದು ಒಂದು ನಿದ್ದೆ ತೆಗೆದರೆ ಅರಬೈಲ್ ಇಳಿಯಲು ಧೈರ್ಯ ಬರುತ್ತದೆ.

ಧೈರ್ಯ ಬೇಕಾಗುವುದು ತಿರುವಿಗಲ್ಲ, ಲಾರಿಗೆ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹರಿಯುತ್ತಿದ್ದ ವರ್ಷಗಳಲ್ಲಿ, 2010ರವರೆಗೂ, ಈ ಘಟ್ಟದಲ್ಲಿ ಸಣ್ಣ ಗಾಡಿಗಳು ಜೀವ ಕೈಯಲ್ಲಿ ಹಿಡಿದು ಹೋಗುತ್ತಿದ್ದವು. ಅದಿರಿನ ಧೂಳಿಗೆ ಮರದೆಲೆಗಳೆಲ್ಲ ಕೆಂಪು. ಈಗ ಅದಿರಿಲ್ಲದಿದ್ದರೂ ಹುಬ್ಬಳ್ಳಿ ಮಂಗಳೂರಿನ ನಡುವಿನ ಭಾರವೆಲ್ಲ ಇದೇ ಹೆದ್ದಾರಿಯ ಮೇಲೆ. ಇಳಿಯುವಾಗ ಬ್ರೇಕು ತುಳಿಯುತ್ತ ಹೋದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಅಪ್ಪ ಹೇಳುತ್ತಿದ್ದ. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಹಿಂದಿನವರು ಹಾರ್ನು ಹೊಡೆಯುತ್ತಾರೆ. ಜಾಗ ಸಿಕ್ಕಲ್ಲಿ ಬದಿಗೆ ಸರಿದು ಕೈಮಾಡುತ್ತೇನೆ, ಅವರೂ ಕೈಮಾಡಿ ಹೋಗುತ್ತಾರೆ. 2021ರ ಜುಲೈ ಮಳೆಗೆ ಇದೇ ಘಟ್ಟ ಕುಸಿದು ದಾರಿ ಬಂದ್ ಆಗಿತ್ತು. ಅದೇ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜರಿದು ತೋಟ, ಮನೆ, ರಸ್ತೆ ಎಲ್ಲ ಹೋದವು. ಅಲ್ಲಿಯ ಜನ ಇಂದಿಗೂ ಮಳೆಗಾಲವೆಂದರೆ ರಾತ್ರಿ ಎಚ್ಚರ ಇರುತ್ತಾರೆ.

ಅಂಕೋಲೆಯಿಂದ ಕುಮಟೆಗೆ ಹೋಗುವಾಗ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಇಲ್ಲಿಯೇ. ರಸ್ತೆಬದಿಯ ಚಹದಂಗಡಿ, ಅದರ ಮನೆಮಂದಿ, ಅಲ್ಲಿ ನಿಂತಿದ್ದ ಲಾರಿ, ಎಲ್ಲವನ್ನೂ ಮಣ್ಣು ಗಂಗಾವಳಿ ಹೊಳೆಗೆ ದೂಡಿತು. ಡ್ರೈವರುಗಳು ದಣಿವಾರಿಸಿಕೊಳ್ಳುತ್ತಿದ್ದ ಜಾಗ ಅದು. ಹಳೇ ಕಾರಿನವನಿಗೆ ಚಹದಂಗಡಿ ಎಂದರೆ ಇಂಜಿನ್ ಆರುವ ತಾಣ. ನೂರಾರು ಅಂಗಡಿಗಳ ಋಣ ನಮ್ಮ ಮೇಲಿದೆ. ಶಿರೂರು ದಾಟುವವರೆಗೆ ಕಾರಿನಲ್ಲಿ ಯಾರೂ ಮಾತಾಡುವುದಿಲ್ಲ.

ಕುಮಟೆಯಿಂದ ಮೇಲೆ ಬರಲು ದೇವಿಮನೆ ಘಟ್ಟವೇ ರಾಜಮಾರ್ಗ. ಅಮೆರಿಕದ ಒಳಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ, 1860ರ ದಶಕದಲ್ಲಿ, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಲಿವರ್‌ಪೂಲಿನ ಪೇಟೆಯಲ್ಲೂ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಹತ್ತಿಯ ವ್ಯಾಪಾರಿಗಳ ಒತ್ತಾಯಕ್ಕೆ 1862ರಲ್ಲಿ ನಮ್ಮ ಜಿಲ್ಲೆಯನ್ನೇ ಮದರಾಸಿನಿಂದ ಮುಂಬಯಿ ಇಲಾಖೆಗೆ ವರ್ಗ ಮಾಡಿದರು. ಹೇರು ಹೊತ್ತ ಎತ್ತು ಎಷ್ಟು ಏರು ಹತ್ತೀತು, ಎಷ್ಟು ಇಳಿಜಾರು ತಡೆದೀತು ಎಂಬ ಲೆಕ್ಕದ ಮೇಲೆ ಬೆಳೆದ ದಾರಿಗಳಿವು. ಎತ್ತಿನ ಉಸಿರಿಗೆ ಹೊಂದುವ ಏರು 40 ಹಾರ್ಸ್‌ಪವರಿನ ಫಿಯೆಟ್ಟಿಗೂ ಹೊಂದುತ್ತದೆ. ಈಗ ದೇವಿಮನೆ ರಾಷ್ಟ್ರೀಯ ಹೆದ್ದಾರಿ 766ಇ ಆಗಿ ಅಗಲವಾಗುತ್ತಿದೆ. ಆಸ್ಪತ್ರೆಗೆ ಮಂಗಳೂರಿಗೆ ಓಡುವವರಿಗೆ, ಬಸ್ಸಿನವರಿಗೆ ಅದು ಬೇಕು, ಬೇಡವೆನ್ನಲಾರೆ. ಹೋದ ಮರಗಳಿಗೆ ಮಾತ್ರ ಹೊಟ್ಟೆ ಉರಿಯುತ್ತದೆ. ನಾನು ದೊಡ್ಮನೆ ಘಟ್ಟ ಹಿಡಿಯುವುದು ಅದಕ್ಕೇ. ಕಿರಿದಾದ ರಸ್ತೆ, ಕಡಿಮೆ ವಾಹನ, ತಲೆಯ ಮೇಲೆ ಮರ. ಮೇಲೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಊರು, ಆಮೇಲೆ ಬಿಳಗಿ, ಆಮೇಲೆ ಸಿದ್ದಾಪುರ.

ಈ ಘಟ್ಟದಲ್ಲಿ ಮಧ್ಯಾಹ್ನದ ಬಿಸಿಲಿಗೆ ಹತ್ತಿದರೆ ಪದ್ಮಿನಿಯ ಪೆಟ್ರೋಲ್ ಪಂಪು ಕಾಯುತ್ತದೆ. ಪಂಪು ಇಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಒಳಗಿನ ಪೆಟ್ರೋಲು ಆವಿಯಾಗಿ, ಕಾರ್ಬೋರೇಟರಿಗೆ ಎಣ್ಣೆ ಬರುವ ಬದಲು ಆ ಆವಿಯೇ ಬರುತ್ತದೆ. ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ನೀರು ತಟ್ಟುತ್ತ ಇರಬೇಕು. ಮೊದಲು ಹಬೆ ಏಳುತ್ತದೆ, ಆಮೇಲೆ ಬಟ್ಟೆ ಉಗುರುಬೆಚ್ಚಗಾಗುತ್ತದೆ, ತಣ್ಣಗಾದ ಮೇಲೆ ಪಂಪಿನಡಿಯ ಸಣ್ಣ ಹಿಡಿಕೆಯನ್ನು ಕೈಯಿಂದ ಒತ್ತಿ ಒತ್ತಿ ಪೆಟ್ರೋಲು ಏರಿಸಬೇಕು. ಬೆರಳಿಗೆ ಬಿಗಿ ಹತ್ತಿತೆಂದರೆ ಎಣ್ಣೆ ಬಂತೆಂದು ಅರ್ಥ. ಹೋದ ಸಲ ಹೀಗೆ ನಿಂತಾಗ ಬಾಟಲಿಯ ನೀರು ಮುಗಿದಿತ್ತು. ಕೆಳಗಿನ ತೋಟದಿಂದ ಕತ್ತಿ ಹಿಡಿದುಕೊಂಡೇ ಒಬ್ಬ ಹಿರಿಯರು ಹತ್ತಿ ಬಂದರು.

“ಎಂತಾ ಆತು ತಮಾ? ಪಂಪ್ ಕಾದ್ಚಾ?”

ಹೌದೆಂದೆ. ಬಗ್ಗಿ ನೋಡಿದರು. “ನಮ್ಮನೆಲೂ ಇದೇ ಗಾಡಿ ಇತ್ತು. ಗಡಿಬಿಡಿ ಮಾಡಡ, ನೀರು ತತ್ತಿ. ಅಷ್ಟೊತ್ತಿಗೆ ನಿಂಗ ಎಲ್ಲಾ ಮನೆಗೆ ಬನ್ನಿ, ಆಸ್ರಿಗೆ ಕುಡ್ಕಂಡು ಹೋಪಲಾಗ್ತು.”

ಬೆಲ್ಲ, ನೀರು, ಆಮೇಲೆ ಮಜ್ಜಿಗೆ, ಆಮೇಲೆ ಕವಳದ ಬಟ್ಟಲು ಬಂತು. ಅವರ ಕೊಟ್ಟಿಗೆಯ ಅಟ್ಟದ ಮೇಲೆ ಪದ್ಮಿನಿಯ ಒಂದು ಹೆಡ್‌ಲೈಟಿನ ಬಳೆ ಇತ್ತು. ಗಾಡಿ ಮಾರಿ ಎಷ್ಟೋ ವರ್ಷವಾಗಿದ್ದರೂ ಅದೊಂದನ್ನು ಇಟ್ಟುಕೊಂಡಿದ್ದರು. ಹೊರಡುವಾಗ ಅದನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ, ಓಡುವ ಗಾಡಿಯಲ್ಲಿ ಇರಲಿ ಎಂದರು. ಎಡಗಡೆಯ ದೀಪಕ್ಕೆ ಈಗ ಅದೇ ಇದೆ.

ಕೆಡದ ಕಾರಿನಲ್ಲಿ ಈ ಘಟ್ಟವನ್ನು ನಾನು ಹತ್ತಿದ್ದುಂಟು. ಆ ಮನೆ ಅಲ್ಲಿದೆಯೆಂದೇ ಗೊತ್ತಾಗಿರಲಿಲ್ಲ.

ನಾರ್ವೆಯಲ್ಲಿರುವ ಅಕ್ಕನ ಮಗನಿಗೂ ಈ ಗೀಳು ಹತ್ತಿದೆ. ಸ್ನೇಹಿತನ ಹಳೇ ವೋಲ್ವೊ ಅಮೆಜಾನ್ ಕಾರಿನಲ್ಲಿ ಬೇಸಿಗೆಯಲ್ಲಿ ಪಶ್ಚಿಮದ ಕರಾವಳಿ ಸುತ್ತಿ ಬಂದು ಫೋಟೊ ಕಳಿಸಿದ್ದ. ಸಮುದ್ರ ಬೆಟ್ಟಗಳ ನಡುವೆ ಒಳನುಗ್ಗಿದ ಫ್ಯೋರ್ಡುಗಳನ್ನು ದಾಟಲು ಅಲ್ಲಿ ಕಾರನ್ನೇ ದೋಣಿಗೆ ಏರಿಸುತ್ತಾರೆ. ಟ್ರೋಲ್‌ಸ್ಟಿಗೆನ್ ಎಂಬ ಘಟ್ಟಕ್ಕೆ 11 ಹೇರ್‌ಪಿನ್ ತಿರುವು, 1936ರಲ್ಲಿ ತೆರೆದ ದಾರಿ, ಬದಿಯಲ್ಲೇ ಧುಮುಕುವ ಜಲಪಾತ. ಚಳಿಗಾಲವಿಡೀ ಹಿಮಕ್ಕೆ ಬಂದ್. 2024ರಲ್ಲಿ ಬಂಡೆ ಉರುಳಿ ಬೇಸಿಗೆಯಲ್ಲೂ ಮುಚ್ಚಿದರು. ಅದೇ ವರ್ಷ ಆ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಬ್ಯಾಟರಿಯವು. ಪೆಟ್ರೋಲು ಕಾರನ್ನು ಇಷ್ಟು ಬೇಗ ಬಿಟ್ಟುಕೊಟ್ಟ ಜನ ಬೇರೆಲ್ಲೂ ಇಲ್ಲ, ಆದರೂ ಅವರು ಹಳೆಯವನ್ನು ಓಡಿಸುತ್ತಿದ್ದಾರೆ. “ಮಾವ, ಘಟ್ಟದ ತುದಿಯಲ್ಲಿ ನಮ್ಮ ರೇಡಿಯೇಟರ್ ಕುದಿಯಿತು, ಒಬ್ಬ ಅಜ್ಜ ಕ್ಯಾನಿನಲ್ಲಿ ನೀರು ತಂದುಕೊಟ್ಟ” ಎಂದು ಬರೆದಿದ್ದ. ಆ ಅಜ್ಜನ ಮನೆಯಲ್ಲೂ ಒಂದು ಅಮೆಜಾನ್ ಇದ್ದಿರಬೇಕು.

ಇಲ್ಲಿಯ ಕಷ್ಟ ಈಗ ಬೇರೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರಿಗೆ ಆಗುವುದಿಲ್ಲ. ಪೈಪು ಮೆತ್ತಗಾಗಿ ಬಿರಿಯುತ್ತದೆ, ಪಂಪಿನ ಡಯಾಫ್ರಮ್ ಬೇಗ ಹೋಗುತ್ತದೆ. ಶಿರಸಿಯ ನಮ್ಮ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಇಗ್ನಿಷನ್ ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲೇ ಹಾಕುತ್ತಿದ್ದವರು ಈಗ ಫೀಲರ್ ಗೇಜನ್ನು ಮಗನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುತ್ತಾರೆ. ಮಗ ಕಲಿತಿದ್ದು ಕಂಪ್ಯೂಟರಿನ ಗಾಡಿಗಳ ಮೇಲೆ, ಆದರೂ ಆಸ್ಥೆಯಿಂದ ಮಾಡುತ್ತಾನೆ. ಬಿಡಿಭಾಗಕ್ಕೆ ಹುಬ್ಬಳ್ಳಿ, ಅಲ್ಲಿ ಸಿಗದಿದ್ದರೆ ಕುರ್ಲಾದ ಗುಜರಿ ಸಾಲು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಗೆ 2023ರ ಅಕ್ಟೋಬರಿಗೆ ಕೊನೆಯಾಯಿತು. ಅವುಗಳಿಂದ ಬಿಚ್ಚಿದ ಸಾಮಾನು ಸದ್ಯಕ್ಕೆ ಬೇಕಾದಷ್ಟಿದೆ, ಮುಂದೆ ಇರುವುದಿಲ್ಲ. ಈ ಸಲ ಎರಡು ಡಯಾಫ್ರಮ್, ಒಂದು ಕ್ಲಚ್ ಪ್ಲೇಟು, ವೈಪರಿನ ಮೋಟಾರು ತರಿಸಿಟ್ಟಿದ್ದೇನೆ. ಎಥನಾಲ್ ತಡೆಯುವ ಪೈಪನ್ನು ಮೇಸ್ತ್ರಿಯ ಮಗನೇ ಹುಡುಕಿ ಹಾಕಿದ.

ಮುಂದಿನ ಸುತ್ತಿಗೆ ಮಗಳು ತಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಾಳೆ. ನನಗೂ ಅದೇ ಬೇಕು. ಬನವಾಸಿ ರಸ್ತೆಯ ಸಪಾಟಿನಲ್ಲಿ ಕಲಿಸುತ್ತಿದ್ದೇನೆ. ಗೇರು ಏರಿಸುವುದು ಕೈಗೆ ಕೂತಿದೆ, ಮೂರರಿಂದ ಎರಡಕ್ಕೆ ಇಳಿಸುವಾಗ ಇನ್ನೂ ಕರಕರ ಎನ್ನುತ್ತದೆ. ಅದು ಸರಿಯಾಗುವವರೆಗೆ ಅರಬೈಲ್ ಬೇಡ. ಮೊದಲು ಸಿದ್ದಾಪುರದ ಕಡೆಯಿಂದ ದೊಡ್ಮನೆ ಘಟ್ಟ ಇಳಿಸಿ ನೋಡುವುದು, ಬೆಳಿಗ್ಗೆ ಬೇಗ, ಬಿಸಿಲು ಏರುವ ಮೊದಲು, ಡಿಕ್ಕಿಯಲ್ಲಿ ಎರಡು ಕ್ಯಾನು ನೀರಿಟ್ಟುಕೊಂಡು.