ಬಿತ್ತನೆಯ ಕಾಳು

ಜರ್ಮನಿಯಲ್ಲಿ ವೈದ್ಯನಾಗಿದ್ದ ಹಾನ್ಸ್ ಕೊಲ್ವಿಟ್ಸ್ ಎಂಬಾತನು 1948ರಲ್ಲಿ ತನ್ನ ತಾಯಿಯ ದಿನಚರಿಯ ಪುಟಗಳನ್ನೂ ಪತ್ರಗಳನ್ನೂ ಆಯ್ದು ಗ್ರಂಥರೂಪದಲ್ಲಿ ಪ್ರಕಟಿಸಿದನು. ತಾಯಿ ತೀರಿಕೊಂಡು ಆಗ ಮೂರು ವರ್ಷಗಳಾಗಿದ್ದವು. ಕೆಥೆ ಕೊಲ್ವಿಟ್ಸಳ ಚಿತ್ರಗಳು ಅಷ್ಟರಲ್ಲಿ ಲೋಕವಿಖ್ಯಾತವಾಗಿದ್ದವು. ಆದರೆ 1908ರಿಂದ 1943ರವರೆಗೆ ಆಕೆ ಬರೆದಿಟ್ಟ ದಿನಚರಿಯನ್ನು ಓದಿದ ಹೊರತು ಆ ಚಿತ್ರಗಳ ಹಿಂದಿನ ತಾಯಿಯು ಪೂರ್ಣವಾಗಿ ಕಾಣಿಸುವುದಿಲ್ಲ. ಮಕ್ಕಳು ತಾಯಿಯ ನೆನಪನ್ನು ಗ್ರಂಥಕ್ಕೆ ತರುವಾಗ ಸ್ತುತಿಗೆ ಒದಗುವುದನ್ನಷ್ಟೇ ಉಳಿಸುವುದು ಲೋಕರೂಢಿ. ಈ ಬರೆಹದಲ್ಲಾದರೋ ತನ್ನ ಸ್ತುತಿಗೆ ತಾಯಿಯೇ ಎಡೆಗೊಟ್ಟಿಲ್ಲ.

ಆಕೆ ಹುಟ್ಟಿದುದು 1867ರಲ್ಲಿ, ಪೂರ್ವ ಪ್ರಷ್ಯದ ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಆ ಪಟ್ಟಣ ಇಂದು ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನಿಸಿಕೊಂಡಿದೆ. ತಂದೆ ನ್ಯಾಯಶಾಸ್ತ್ರವನ್ನೋದಿಯೂ ಮನೆ ಕಟ್ಟುವ ಕಸುಬನ್ನು ಹಿಡಿದವನು. ಮಗಳ ಕೈಯಲ್ಲಿ ಕಲೆಯಿರುವುದನ್ನು ಕಂಡು ಬರ್ಲಿನ್, ಮ್ಯೂನಿಕ್ ನಗರಗಳಿಗೆ ಕಳುಹಿಸಿ ಕಲಿಸಿದವನೂ ಆತನೇ. 1891ರಲ್ಲಿ ಆಕೆ ಕಾರ್ಲ್ ಕೊಲ್ವಿಟ್ಸ್ ಎಂಬ ವೈದ್ಯನನ್ನು ವರಿಸಿದಳು. ದಂಪತಿಗಳು ಬರ್ಲಿನ್ನಿನ ಬಡ ಕೂಲಿಕಾರರ ಕೇರಿಯೊಂದರಲ್ಲಿ ಮನೆ ಹೂಡಿದರು. ಆತನ ಚಿಕಿತ್ಸಾಲಯವೂ ಆಕೆಯ ಕಲೆಯೂ ಒಂದೇ ಸೂರಿನಡಿಯಲ್ಲಿ ಬೆಳೆದವು. ಗಂಡನಲ್ಲಿಗೆ ಮದ್ದಿಗಾಗಿ ಬರುತ್ತಿದ್ದ ಹೆಂಗಸರು ಹೆಂಡತಿಯ ಬಳಿ ಕುಳಿತು ದುಃಖವನ್ನು ತೋಡಿಕೊಳ್ಳುತ್ತಿದ್ದರು. ಆ ಮುಖಗಳೇ ಆಕೆಯ ಚಿತ್ರಗಳಾದವು. ನೇಕಾರರ ದಂಗೆಯನ್ನು ಕುರಿತ ಚಿತ್ರಮಾಲೆಗೆ 1898ರಲ್ಲಿ ತೀರ್ಪುಗಾರರು ಪದಕವನ್ನು ಶಿಫಾರಸು ಮಾಡಿದರು. ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನು ಒಪ್ಪಲಿಲ್ಲ. ಪದಕ ತಪ್ಪಿತಾದರೂ ಹೆಸರು ಬಂದಿತು.

ಹಾನ್ಸನು 1892ರಲ್ಲಿ, ಪೀಟರನು 1896ರಲ್ಲಿ ಜನಿಸಿದರು. 1903ರಲ್ಲಿ ಸತ್ತ ಕೂಸನ್ನು ಅವಚಿಕೊಂಡ ತಾಯಿಯ ಚಿತ್ರವನ್ನು ಆಕೆ ತಾಮ್ರದ ತಗಡಿನ ಮೇಲೆ ಕೊರೆದಳು. ಅದಕ್ಕೆ ಮಾದರಿ ಯಾರು? ಕನ್ನಡಿಯ ಮುಂದೆ ಕುಳಿತು ಏಳು ವರ್ಷದ ಪೀಟರನನ್ನೇ ತೋಳಿನಲ್ಲಿ ಹಿಡಿದು, ತನ್ನನ್ನೂ ಅವನನ್ನೂ ನೋಡಿಕೊಂಡು ಬರೆದಳು. ಭಾರಕ್ಕೆ ತಾಯಿ ನರಳಿದಾಗ ಮಗುವು, ಚಿತ್ರ ಚೆನ್ನಾಗಿಯೇ ಆಗುವುದೆಂದು ಸಮಾಧಾನ ಹೇಳಿತಂತೆ. ನಮ್ಮ ಕಡೆಯ ಹಿರಿಯರಾದರೆ ಇಂಥ ಅಶುಭದ ಆಟ ಬೇಡವೆನ್ನುತ್ತಿದ್ದರು.

1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾದಾಗ ಪೀಟರನಿಗೆ ಹದಿನೆಂಟು. ವಯಸ್ಸಿಗೆ ಬಾರದವನು ಸೈನ್ಯವನ್ನು ಸೇರಲು ತಂದೆಯ ಒಪ್ಪಿಗೆ ಬೇಕು. ನಾಡಿಗೆ ನಿನ್ನ ಅಗತ್ಯವಿನ್ನೂ ಬಂದಿಲ್ಲವೆಂದು ಕಾರ್ಲನು ತಡೆದನು. ಹುಡುಗನು ಮಾತಿಲ್ಲದೆ ತಾಯಿಯ ಮುಖವನ್ನು ನೋಡಿದನು. ಆಕೆ ಎದ್ದು ಗಂಡನೊಡನೆ ಮಗನ ಪರವಾಗಿ ಮಾತನಾಡಿದಳು, ತಂದೆ ಮಣಿದನು. ಯಾವ ಸಂಸಾರದಲ್ಲಿ ಇದು ನಡೆಯದು? ತಂದೆ ಒಲ್ಲೆನೆಂದುದನ್ನು ಮಕ್ಕಳು ತಾಯಿಯ ಮೂಲಕ ಪಡೆದುಕೊಳ್ಳುವರು. ಜಾತ್ರೆಗೋ ನಾಟಕಕ್ಕೋ ಅಪ್ಪಣೆ ದೊರೆಯುವುದು ಹೀಗೆಯೇ. ಇಲ್ಲಿ ದೊರೆತ ಅಪ್ಪಣೆಯು ಬಾಲಕನನ್ನು ಬೆಲ್ಜಿಯಮ್ಮಿನ ರಣರಂಗಕ್ಕೆ ಒಯ್ದಿತು. ಅಕ್ಟೋಬರ್ ಮುಗಿಯುವ ಮೊದಲೇ ಅವನು ಮಡಿದನು.

ಮಗನ ಕೋಣೆಯನ್ನು ಆಕೆ ಇದ್ದಂತೆಯೇ ಉಳಿಸಿಕೊಂಡು ಅಲ್ಲಿ ಹೋಗಿ ಕುಳಿತಿರುತ್ತಿದ್ದಳು. ಅಂದಿನಿಂದ ದಿನಚರಿಯಲ್ಲಿ ಒಂದು ತೊಳಲಾಟ ಕಾಣುತ್ತದೆ. ಮಗನು ನಾಡಿಗಾಗಿ ತನ್ನನ್ನು ಅರ್ಪಿಸಿಕೊಂಡನೆಂದು ಆಕೆ ಮೊದಲು ನಂಬಿದ್ದಳು. ಆ ನಂಬಿಕೆ ಸಡಿಲಿದಂತೆಲ್ಲ, ಅನುಮಾನಪಟ್ಟರೆ ಸತ್ತವನಿಗೆ ಎರಡು ಬಗೆದಂತಾಗುವುದೇನೋ ಎಂಬ ಅಳುಕು. ನಂಬುತ್ತಲೇ ಇದ್ದರೆ ಉಳಿದ ತಾಯಂದಿರ ಮಕ್ಕಳೂ ಅದೇ ಹಾದಿ ಹಿಡಿಯಬೇಕು. ಈ ಇಕ್ಕಟ್ಟಿನಲ್ಲಿ ನಾಲ್ಕು ವರ್ಷ ಕಳೆದು, 1918ರ ಅಕ್ಟೋಬರಿನಲ್ಲಿ, ಕವಿ ಡೇಮೆಲನು ಇನ್ನಷ್ಟು ಜನ ಸ್ವಯಂಪ್ರೇರಿತರಾಗಿ ಯುದ್ಧಕ್ಕೆ ಬರಲೆಂದು ಕರೆಯಿತ್ತಾಗ, ಆಕೆ ಪತ್ರಿಕೆಯಲ್ಲಿ ಬಹಿರಂಗವಾಗಿ ಉತ್ತರ ಬರೆದಳು. ಸತ್ತದ್ದು ಸಾಕೆಂದಳು, ಬಿತ್ತನೆಯ ಕಾಳನ್ನು ಬೀಸುವ ಕಲ್ಲಿಗೆ ಸುರಿಯಲಾಗದೆಂಬ ಗಯಟೆಯ ಮಾತನ್ನು ಆಧಾರವಾಗಿ ಹಿಡಿದಳು. ಆಕೆಯ ಲೇಖನಿಯಿಂದ ಬಂದ ಬರೆಹಗಳಲ್ಲಿ ಇದಕ್ಕಿಂತ ಹೆಚ್ಚಿನ ಧೈರ್ಯದ್ದು ಇಲ್ಲವೆಂದೇ ಹೇಳಬೇಕು.

ಮಗನಿಗೆ ಸ್ಮಾರಕವೊಂದನ್ನು ಕಡೆಯಬೇಕೆಂದು 1914ರಲ್ಲಿಯೇ ತೊಡಗಿದ್ದಳು. ಮೊದಲು ಮಲಗಿದ ಮಗನೂ ಆ ಶಿಲ್ಪದಲ್ಲಿದ್ದನು. ಕೆಲಸ ಕೈಗೂಡಲಿಲ್ಲ. 1919ರಲ್ಲಿ ಅದನ್ನು ನಿಲ್ಲಿಸಿದಳು, ಮತ್ತೆ ಬರುವೆನೆಂದು ದಿನಚರಿಯಲ್ಲಿ ಮಗನಿಗೇ ಮಾತು ಕೊಟ್ಟಳು. ಆ ವರುಷವೇ ಪ್ರಷ್ಯದ ಕಲಾ ಅಕಾಡೆಮಿ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತ್ತು. 1933ರಲ್ಲಿ ನಾಜಿಗಳು ಅಲ್ಲಿಂದ ಹೊರಡಿಸಿದರು. ಇವೆರಡರ ನಡುವೆ, 1932ರಲ್ಲಿ, ಶಿಲ್ಪ ಮುಗಿದು ಬೆಲ್ಜಿಯಮ್ಮಿನ ಸೈನಿಕ ಶ್ಮಶಾನವನ್ನು ಸೇರಿತು. ಹದಿನೆಂಟು ವರ್ಷ ಬದುಕಿದ ಮಗನಿಗಾಗಿ ಹದಿನೆಂಟು ವರ್ಷ! ಮಗನು ಶಿಲ್ಪದಿಂದ ಮಾಯವಾಗಿದ್ದನು. ಮಂಡಿಯೂರಿದ ತಂದೆತಾಯಿಗಳು ಮಾತ್ರ ಉಳಿದಿದ್ದರು.

1940ರಲ್ಲಿ ಕಾರ್ಲನು ತೀರಿಕೊಂಡನು. ಮೂರು ಬಾಲಕರನ್ನು ತೋಳಿನಡಿಯಲ್ಲಿ ಅಡಗಿಸಿಕೊಂಡ ಮುದುಕಿಯೊಬ್ಬಳ ಚಿತ್ರವನ್ನು ಆಕೆ ಕಲ್ಲಚ್ಚಿನಲ್ಲಿ ಮಾಡಿ, ಆ ಬಿತ್ತನೆಯ ಕಾಳಿನ ಮಾತನ್ನೇ ಅದಕ್ಕೆ ಹೆಸರಾಗಿಟ್ಟಳು. ಅದು 1942ರ ಆರಂಭದ ಮಾತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಾನ್ಸನ ಮಗ, ಚಿಕ್ಕಪ್ಪನ ಹೆಸರನ್ನೇ ಹೊತ್ತ ಪೀಟರನು, ರಷ್ಯದ ರಣಭೂಮಿಯಲ್ಲಿ ಬಿದ್ದನು. ಮರುವರ್ಷ ಬಾಂಬುಗಳಿಗೆ ಬರ್ಲಿನ್ನಿನ ಮನೆ ನಾಶವಾಯಿತು. 1945ರ ಏಪ್ರಿಲ್ 22ರಂದು, ಯುದ್ಧ ಮುಗಿಯಲು ಹದಿನಾರು ದಿನಗಳಿದ್ದಾಗ, ಡ್ರೆಸ್ಡೆನ್ನಿನ ಬಳಿಯ ಮೋರಿಟ್ಸ್‌ಬರ್ಗಿನಲ್ಲಿ ಆಕೆ ಕಣ್ಣು ಮುಚ್ಚಿದಳು.

ಆ ಎರಡು ಮೂರ್ತಿಗಳು ಸಮಾಧಿಗಳೊಡನೆ 1950ರ ದಶಕದಲ್ಲಿ ವ್ಲಾಡ್ಸ್‌ಲೋ ಎಂಬಲ್ಲಿಗೆ ಸಾಗಿದವು. ಒಂದರ ಮುಖ ಕಾರ್ಲನದು, ಇನ್ನೊಂದರದು ಆಕೆಯದೇ. ತಂದೆಯು ಎರಡು ತೋಳುಗಳಿಂದ ತನ್ನನ್ನೇ ಬಿಗಿದುಕೊಂಡು ನೆಟ್ಟಗೆ ಕುಳಿತು, ಪೀಟರನ ಹೆಸರಿರುವ ಹಾಸುಗಲ್ಲಿನ ಕಡೆಗೆ ನೋಡುತ್ತಿದ್ದಾನೆ. ತಾಯಿಯು ಪಕ್ಕದಲ್ಲಿ, ಬೇರೆಯ ಪೀಠದ ಮೇಲೆ, ತಲೆಯೆತ್ತದೆ ಬಾಗಿದ್ದಾಳೆ.