ಕೆಲಸಕ್ಕೆ ತಡವಾಗಿ ಬಂದ ವಿಜ್ಞಾನಿ

ಹಾಫ್-ಲೈಫ್ ಎಂದರೆ ಅನ್ಯಗ್ರಹದ ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲುವ ಕಂಪ್ಯೂಟರ್ ಆಟ ಎನ್ನುವವರು ಅದನ್ನು ಕಾಲೇಜು ದಿನಗಳಲ್ಲಿ ಆಡಿ ಬಿಟ್ಟವರು. ಕತ್ತಿಗೆ ಐಡಿ ಕಾರ್ಡು ಬಿಗಿದುಕೊಂಡು, ಬೆಳಗಿನ ಲೋಕಲ್ ಗಾಡಿಯಲ್ಲಿ ಬಾಗಿಲ ಕಂಬಿ ಹಿಡಿದು ನಿಂತು, ವರ್ಷಗಟ್ಟಲೆ ನೌಕರಿ ಮಾಡಿದ ಮೇಲೆ ಇನ್ನೊಮ್ಮೆ ಆಡಿ ನೋಡಬೇಕು. ಅದು ಅಪ್ಪಟ ಆಫೀಸಿನ ಆಟ.

ಕಥಾನಾಯಕ ಗಾರ್ಡನ್ ಫ್ರೀಮನ್‌ಗೆ 27 ವರ್ಷ. ಎಂಐಟಿಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ಓದಿ ಡಾಕ್ಟರೇಟ್ ಪಡೆದವನು. (ನಮ್ಮ ಮಹಡಿ ಮನೆಯ ಹುಡುಗನಿಗೆ ಇದನ್ನು ಹೇಳಿದರೆ "ಕ್ರೋಂಪೇಟ್ ಎಂಐಟಿಯಾ, ಅಂಕಲ್?" ಎಂದ. ಚೆನ್ನೈ ಹೊರವಲಯದ ನಮ್ಮ ತಾಂಬರಂನವರಿಗೆ ಎಂಐಟಿ ಎಂದರೆ ಎರಡು ಸ್ಟೇಷನ್ ಆಚೆಗಿರುವ, ಅಬ್ದುಲ್ ಕಲಾಂ ಓದಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಮೆರಿಕದಲ್ಲೂ ಒಂದಿದೆ ಎನ್ನುವುದು ಆಮೇಲಿನ ಮಾತು.) ಇಷ್ಟು ಓದಿದವನಿಗೆ ನ್ಯೂ ಮೆಕ್ಸಿಕೋ ಮರುಭೂಮಿಯ ಬ್ಲ್ಯಾಕ್ ಮೆಸಾ ಸಂಶೋಧನಾ ಕೇಂದ್ರದಲ್ಲಿ ಆ ದಿನ ಒಪ್ಪಿಸಿದ ಕೆಲಸವೇನು? ಹರಳೊಂದನ್ನು ಹೊತ್ತ ತಳ್ಳುಗಾಡಿಯನ್ನು ಯಂತ್ರದ ಕಿರಣದೊಳಕ್ಕೆ ತಳ್ಳುವುದು. ಅದಕ್ಕೂ ತಡವಾಗಿ ಬಂದಿದ್ದಾನೆ.

ಆಟ ಶುರುವಾಗುವುದೇ ಅವನ ಬೆಳಗಿನ ಪ್ರಯಾಣದಿಂದ. ತೂಗುಹಳಿಯ ಮೇಲೆ ಟ್ರಾಮ್ ಪೆಟ್ಟಿಗೆಯೊಂದು ನೆಲದಡಿಗೆ ಇಳಿಯುತ್ತ ಹೋಗುತ್ತದೆ. ಸುಮಾರು ಐದು ನಿಮಿಷ ನಾವು ಮಾಡಬಹುದಾದದ್ದು ಒಂದೇ, ಪೆಟ್ಟಿಗೆಯೊಳಗೆ ಅತ್ತಿತ್ತ ಓಡಾಡಿ ಕಿಟಕಿಯಲ್ಲಿ ನೋಡುವುದು. ಹೆಣ್ಣುದನಿಯೊಂದು ಸಮಯ 8:47 ಎನ್ನುತ್ತದೆ, ಮೇಲೆ ಬಿಸಿಲು 93 ಡಿಗ್ರಿ ಫ್ಯಾರನ್‌ಹೀಟ್, 105ಕ್ಕೆ ಏರಬಹುದು ಎನ್ನುತ್ತದೆ. ಲೆಕ್ಕ ಹಾಕಿದರೆ ನಮ್ಮ ಚೆನ್ನೈನ ಮೇ ತಿಂಗಳು. ಒಳಗೆ ಮಾತ್ರ ಸದಾ 68 ಡಿಗ್ರಿ, ಅಂದರೆ ಎಸಿ. ನಿಮ್ಮ ನೆಂಟರಿಷ್ಟರಲ್ಲಿ ಯೋಗ್ಯರಿದ್ದರೆ ತಿಳಿಸಿ, ಕೆಲಸ ಖಾಲಿ ಇದೆ ಎಂದೂ ಅದೇ ದನಿ ಹೇಳುತ್ತದೆ. 1931ರಿಂದ ಕರೆಂಟಿನಲ್ಲಿ ಓಡುತ್ತಿರುವ ಬೀಚ್–ತಾಂಬರಂ ಲೋಕಲ್‌ನಲ್ಲಿ ಕೂತು ಗಿಂಡಿಯನ್ನೂ ಪಲ್ಲಾವರಂ ಗುಡ್ಡವನ್ನೂ ನೋಡಿ ನೋಡಿ ಬೇಸತ್ತವನಿಗೆ ಈ ಐದು ನಿಮಿಷ ಯಾಕೆ ಇಷ್ಟು ಹಿತ ಎಂದು ನನ್ನ ಹೆಂಡತಿಗೆ ಅರ್ಥವಾಗುವುದಿಲ್ಲ. "ಭಾನುವಾರಾನೂ ಆಫೀಸಿಗೇ ಹೋಗ್ತೀರಲ್ರೀ" ಎನ್ನುತ್ತಾಳೆ. ಮೊಬೈಲಿನಲ್ಲಿ ಇಳಿದ ಕ್ಷಣದಿಂದ ಗುಂಡು ಹಾರಿಸುವ ಆಟಗಳನ್ನೇ ಆಡಿ ಬೆಳೆದ ಹುಡುಗನದು ಬೇರೆ ಸಂಕಟ: "ಎಪ್ಪೋ ಶೂಟ್ ಪಣ್ಣುವೀಂಗ, ಅಂಕಲ್?"

ತಡಿ ಮಾರಾಯ. ಮೊದಲು ಆ ಕಾವಲುಗಾರನನ್ನು ನೋಡು. ಟ್ರಾಮ್ ಹಾದುಹೋಗುವಾಗ ಒಬ್ಬ ಸೆಕ್ಯುರಿಟಿಯವನು ಮುಚ್ಚಿದ ಬಾಗಿಲೊಂದನ್ನು ತಟ್ಟುತ್ತ ನಿಂತಿರುತ್ತಾನೆ. ಕಾರ್ಡ್ ಕೆಲಸ ಮಾಡದೆ ಗೇಟಿನ ಹೊರಗೆ ಉಳಿದವರಿಗೆಲ್ಲ ಅವನ ಪಾಡು ಗೊತ್ತು. 2001ರಲ್ಲಿ ಗೇರ್‌ಬಾಕ್ಸ್ ಮಾಡಿದ ಬ್ಲೂ ಶಿಫ್ಟ್ ಎಂಬ ಉಪಕಥೆಯಲ್ಲಿ ನಾವು ಅವನೇ ಆಗಿ, ಅದೇ ದಿನ, ಅದೇ ಬಾಗಿಲು ತಟ್ಟುತ್ತೇವೆ. ಫ್ರೀಮನ್ ನಮ್ಮೆದುರು ಟ್ರಾಮ್‌ನಲ್ಲಿ ಸಾಗಿಹೋಗುತ್ತಾನೆ. ಇನ್ನು ಮೂಲ ಆಟದ ವಿಶ್ರಾಂತಿ ಕೋಣೆಯ ಮೈಕ್ರೋವೇವ್‌ನಲ್ಲಿ ಯಾರದೋ ಊಟ ಬಿಸಿಯಾಗುತ್ತಿರುತ್ತದೆ. ಗುಂಡಿ ಒತ್ತುತ್ತಲೇ ಹೋದರೆ ಅದು ಸಿಡಿದು ಹಾಳಾಗುತ್ತದೆ. ಕಥೆ ಮುಂದುವರಿದು 2007ರ ಎಪಿಸೋಡ್ ಟು ಬರುವ ಹೊತ್ತಿಗೆ ಭೂಮಿಯೇ ಅನ್ಯಲೋಕದವರ ಪಾಲಾಗಿದೆ, ಆದರೂ ಮ್ಯಾಗ್ನುಸನ್ ಎಂಬ ವಿಜ್ಞಾನಿ ಆ ಊಟದ ಸಿಟ್ಟನ್ನು ಬಿಟ್ಟಿಲ್ಲ. ಆಫೀಸ್ ಎಂದರೆ ಇದಲ್ಲದೆ ಇನ್ನೇನು? ಮೊದಲ ಆಟದಲ್ಲಿ ವಿಜ್ಞಾನಿಗಳಿಗೆಲ್ಲ ಸೇರಿ ನಾಲ್ಕೇ ಮುಖ, ಕಾವಲುಗಾರರಿಗೆಲ್ಲ ಒಂದೇ. ಪೆಂಟಿಯಂ 133, 24 ಎಂಬಿ ಮೆಮೊರಿಯ ಕಂಪ್ಯೂಟರಿನಲ್ಲೂ ಓಡಬೇಕಾದ ಆಟಕ್ಕೆ ಅಷ್ಟೇ ಸಾಕಾಗಿತ್ತು.

ಇದನ್ನು ಮಾಡಿದವರೂ ಆಫೀಸ್ ಬಿಟ್ಟು ಬಂದವರೇ. ಗೇಬ್ ನ್ಯೂವೆಲ್, ಮೈಕ್ ಹ್ಯಾರಿಂಗ್ಟನ್ ಇಬ್ಬರೂ ಮೈಕ್ರೋಸಾಫ್ಟ್ ತೊರೆದು 1996ರಲ್ಲಿ ವಾಲ್ವ್ ಕಟ್ಟಿದರು. ಕ್ವೇಕ್ ಆಟದ ಎಂಜಿನ್ನಿಗೆ ಪರವಾನಗಿ ಪಡೆದು, ತಿದ್ದಿ, 1997ರಲ್ಲಿ ಬಹುಪಾಲು ಮುಗಿಸಿದ್ದ ಆಟ ತಮಗೇ ರುಚಿಸಲಿಲ್ಲವೆಂದು ಬದಿಗಿಟ್ಟು ಮತ್ತೆ ಕೂತರು. 1998ರ ನವೆಂಬರ್‌ನಲ್ಲಿ ಬಂದದ್ದು ಈ ಎರಡನೇ ಪ್ರತಿ. ಆಗ ಅವರು ಇಟ್ಟುಕೊಂಡ ನಿಯಮವೊಂದು ನನಗೆ ಬಹಳ ಇಷ್ಟ: ಆಟದಲ್ಲಿ ಏನೇ ನಡೆದರೂ ಆಟಗಾರ ಎಷ್ಟು ದೂರ ನಡೆದ ಎಂಬುದರ ಮೇಲೆ ನಡೆಯಬೇಕು, ಎಷ್ಟು ಹೊತ್ತಾಯಿತು ಎಂಬುದರ ಮೇಲಲ್ಲ. ನೀವು ಮೂಲೆಯಲ್ಲಿ ನಿಂತು ಕಾಫಿ ಕುಡಿದು ಬನ್ನಿ, ಚಾವಣಿ ಕುಸಿಯುವುದು ನಿಮಗಾಗಿ ಕಾದಿರುತ್ತದೆ. ಲೋಕಲ್ ಗಾಡಿಯಾಗಲಿ, ಹಾಜರಿ ಯಂತ್ರವಾಗಲಿ, ಬೇರೆ ಯಾವುದು ನನಗಾಗಿ ಹೀಗೆ ಕಾದಿದೆ?

ಫ್ರೀಮನ್ ಗಾಡಿ ತಳ್ಳುತ್ತಾನೆ, ಪ್ರಯೋಗ ಕೆಡುತ್ತದೆ, ಝೆನ್ ಎಂಬ ಲೋಕದ ಪ್ರಾಣಿಗಳು ಹಸಿರು ಮಿಂಚಿನೊಂದಿಗೆ ಕಾರಿಡಾರುಗಳಲ್ಲಿ ಉದುರುತ್ತವೆ. ಕೈಗೆ ಸಿಗುವ ಮೊದಲ ಆಯುಧ ಒಂದು ಕೆಂಪು ಗಡಾರಿ. ತಲೆಗೆ ಹಾರಿ ಕಚ್ಚಿಕೊಳ್ಳುವ ಹೆಡ್‌ಕ್ರ್ಯಾಬ್‌ಗಳ ಮೇಲೆ ಅದನ್ನು ಬೀಸುವುದರಲ್ಲಿ ಈಗಲೂ ಸುಖವಿದೆ, ಸುಳ್ಳೇಕೆ. ಆದರೆ ನಾನು ಮತ್ತೆ ಮತ್ತೆ ಹೋಗುವುದು ಬ್ಲಾಸ್ಟ್ ಪಿಟ್ ಎಂಬ ಅಧ್ಯಾಯಕ್ಕೆ. ರಾಕೆಟ್ ಎಂಜಿನ್ ಪರೀಕ್ಷಿಸುವ ಬಾವಿಯಂಥ ಗುಂಡಿಯಲ್ಲಿ ಕೊಕ್ಕಿರುವ ಮೂರು ದೈತ್ಯ ತೋಳುಗಳು ಎದ್ದು ನಿಂತಿವೆ. ಅವಕ್ಕೆ ಕಣ್ಣಿಲ್ಲ, ಕಿವಿಯೇ ಎಲ್ಲ. ಗುಂಡು ಹಾರಿಸಿ ಪ್ರಯೋಜನವಿಲ್ಲ. ಬಗ್ಗಿ ಮೆಲ್ಲಗೆ ಹೆಜ್ಜೆಯಿಡಬೇಕು. ದೂರಕ್ಕೊಂದು ಗ್ರೆನೇಡ್ ಎಸೆದರೆ ಸದ್ದಾದ ಕಡೆ ಅವು ಕುಕ್ಕುತ್ತವೆ, ಅಷ್ಟರಲ್ಲಿ ಏಣಿ ಇಳಿದುಬಿಡಬೇಕು. ಇಂಧನ, ಆಮ್ಲಜನಕ, ವಿದ್ಯುತ್ತು ಮೂರನ್ನೂ ಬೇರೆ ಬೇರೆ ಕಡೆ ಹೋಗಿ ಚಾಲೂ ಮಾಡಿ ಬರುವವರೆಗೂ ಆ ತೋಳುಗಳ ನಡುವೆಯೇ ಓಡಾಟ. ಆಮೇಲೆ ಒಂದು ಗುಂಡಿ ಒತ್ತಿದರೆ ಎಂಜಿನ್ ಉರಿದು ಎಲ್ಲ ಬೂದಿ. ಹೆಡ್‌ಫೋನ್ ಹಾಕಿಕೊಂಡು ಇದನ್ನು ಆಡುವಾಗ ತಾಂಬರಂ ವಾಯುನೆಲೆಯ ವಿಮಾನವೊಂದು ಮನೆಯ ಮೇಲೆ ಹಾದರೆ ನನ್ನ ಬೆರಳು ತಾನಾಗಿ ನಿಂತುಬಿಡುತ್ತದೆ, ತೋಳಿಗೆ ಕೇಳಿಸೀತು ಎಂದು.

2023ರ ನವೆಂಬರ್‌ನಲ್ಲಿ ಆಟಕ್ಕೆ 25 ತುಂಬಿದಾಗ ವಾಲ್ವ್ ಅದನ್ನು ಒಪ್ಪಮಾಡಿ ಕೆಲವು ದಿನ ಪುಕ್ಕಟೆ ಕೊಟ್ಟಿತು. ಮರುತಿಂಗಳೇ ಮಿಚಾಂಗ್ ಚಂಡಮಾರುತ. ಮುಡಿಚ್ಚೂರು ಕಡೆ ನೀರು ನಿಂತು, ಇಂಟರ್ನೆಟ್ ಸತ್ತು, ಹುಡುಗನ ಮೊಬೈಲ್ ಆಟಗಳೆಲ್ಲ ಸರ್ವರ್ ಹುಡುಕುತ್ತ ಕೂತವು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನನ್ನ ಹಳೇ ಆಟ ಮಾತ್ರ ಓಡಿತು. ಅವನು ನನ್ನ ಪಕ್ಕ ಕೂರಲು ಶುರುಮಾಡಿದ್ದು ಆಗಲೇ.

ಕೊನೆಯ ಭಾಗ ಝೆನ್. ಗಾಳಿಯಲ್ಲಿ ತೇಲುವ ಬಂಡೆಗಳ ಮೇಲೆ ನೆಗೆಯುತ್ತ ಹೋಗುವುದು. ಬೇಸರ, ಅಂದೂ ಬೇಸರ, ಇಂದೂ. ಅಭಿಮಾನಿಗಳು 2020ರಲ್ಲಿ ಪೂರ್ಣಗೊಳಿಸಿದ ಬ್ಲ್ಯಾಕ್ ಮೆಸಾ ಮರುರೂಪದಲ್ಲಿ ಝೆನ್ ಕಣ್ಣಿಗೆ ಹಬ್ಬ, ಆದರೆ ಮುಗಿಯುವುದೇ ಇಲ್ಲ. ಮೂಲದ ಝೆನ್‌ನಲ್ಲಿ ನನಗೆ ಬೇಕಾದದ್ದು ಒಂದೇ ಜಾಗ, ಅಲ್ಲಿನ ಕಾರ್ಖಾನೆ. ಆಟದುದ್ದಕ್ಕೂ ಕೈಯಿಂದ ಮಿಂಚು ಎಸೆದು ನಮ್ಮನ್ನು ಕಾಡಿದ ವೋರ್ಟಿಗಾಂಟ್‌ಗಳು ಇಲ್ಲಿ ಕೆಲಸದಲ್ಲಿವೆ. ಕೊರಳಿಗೆ ಹಸಿರು ಪಟ್ಟಿ, ಕೈಗೆ ಬೇಡಿ. ನೀವು ಹೊಡೆಯದಿದ್ದರೆ ಅವೂ ಹೊಡೆಯುವುದಿಲ್ಲ. ಹಿಂದೆ ನಾನು ಇದನ್ನು ಗಮನಿಸದೆ ಎಲ್ಲವನ್ನೂ ಉರುಳಿಸಿ ಮುಂದೆ ಹೋಗುತ್ತಿದ್ದೆ. ಆ ವಯಸ್ಸಿಗೆ ಬಂದೂಕೇ ಕಣ್ಣು. ಈಗ ಬಂದೂಕು ತಗ್ಗಿಸಿ ಅವುಗಳ ಮಧ್ಯೆ ನಡೆಯುತ್ತೇನೆ. ನಮ್ಮ ಕಡೆಯವರಂತೆ ಅವೂ ಡ್ಯೂಟಿಗೆ ಬಂದಿದ್ದವು. ಕೊರಳಪಟ್ಟಿ ತೊಡಿಸಿದವನು ಎಲ್ಲೋ ಮೇಲೆ ಕೂತಿದ್ದಾನೆ. ಹುಡುಗನಿಗೆ ಹೇಳಿದೆ, ಇಲ್ಲಿ ಶೂಟ್ ಬೇಡಪ್ಪ. "ಸರಿ, ಅಂಕಲ್" ಎಂದ, ಅನುಮಾನದಿಂದಲೇ.

ಎಲ್ಲ ಮುಗಿದ ಮೇಲೆ ಸೂಟು ಹಾಕಿ ಬ್ರೀಫ್‌ಕೇಸ್ ಹಿಡಿದ ಜಿ-ಮ್ಯಾನ್ ಎದುರು ನಿಲ್ಲುತ್ತಾನೆ. ಆಟದ ಉದ್ದಕ್ಕೂ ಗಾಜಿನಾಚೆ ನಿಂತು ನಮ್ಮನ್ನು ನೋಡುತ್ತಿದ್ದ ಆಸಾಮಿ. ಇಷ್ಟು ಹೊತ್ತು ಜೀವ ಹಿಡಿದುಕೊಂಡು ಹೋರಾಡಿದ್ದಕ್ಕೆ ಬಹುಮಾನವಾಗಿ ಅವನು ಕೊಡುವುದು, ನೌಕರಿ. ಬೆಳಕಿನ ಬಾಗಿಲಿಗೆ ಹೆಜ್ಜೆಯಿಟ್ಟರೆ ಸೇರ್ಪಡೆ. ಬೇಡವೆಂದು ನಿಂತರೆ ಆಯುಧ ಕಿತ್ತುಕೊಂಡು ರಾಕ್ಷಸರ ಹಿಂಡಿನ ನಡುವೆ ಬಿಡುತ್ತಾನೆ. ಪರದೆಯ ಮೇಲೆ, ಈತ ಕೆಲಸ ನಿರಾಕರಿಸಿದ ಎಂಬ ಷರಾ. ನಾವು ಎರಡನ್ನೂ ಆಡಿದೆವು. ಹುಡುಗನ ಪ್ರಶ್ನೆ ಇಷ್ಟೇ: "ಸಂಬಳಂ ಎವ್ವಳವು, ಅಂಕಲ್?" ಅದನ್ನು ಜಿ-ಮ್ಯಾನ್ ಎಲ್ಲೂ ಹೇಳುವುದಿಲ್ಲ.