ನ್ಯಾಸವನ್ನು ಕಾಯ್ದವರು

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಒಡವೆಯನ್ನಿರಿಸಿದವನು ಎಣಿಕೆ ಮರೆತು ಕಡಿಮೆ ಕೇಳಿದಾಗ, 'ಹೌದು, ಅಷ್ಟೇ' ಎಂದು ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದೇ ನ್ಯಾಸಾಪಹಾರವೆಂದು ಟೀಕಾಕಾರರು ವಿವರಿಸಿದ್ದಾರೆ. ಇದನ್ನು ಅಚೌರ್ಯವ್ರತದಲ್ಲಿ ಸೇರಿಸದೆ ಸತ್ಯವ್ರತದಲ್ಲಿ ಸೇರಿಸಿರುವುದು ಚಿಂತನೀಯ. ಇಲ್ಲಿ ವಸ್ತುವಿಗಿಂತ ಮೊದಲು ಕೆಡುವುದು ಮಾತು.

ಇರಿಸಿದವರು ಗತಿಸಿ ಸಹಸ್ರಾರು ವರ್ಷಗಳಾಗಿದ್ದರೆ, ಕೇಳಬೇಕಾದವರು ಇನ್ನೂ ಹುಟ್ಟಿಯೇ ಇಲ್ಲದಿದ್ದರೆ, ಆ ನ್ಯಾಸಕ್ಕೆ ಹೊಣೆ ಯಾರು? ಲೆಬನಾನ್ ದೇಶದ ಪುರಾತತ್ತ್ವಜ್ಞ ಮೋರಿಸ್ ಶೆಹಾಬರ ಜೀವನವು ಈ ಪ್ರಶ್ನೆಗೆ ಉತ್ತರದಂತಿದೆ.

1904ರಲ್ಲಿ ಜನಿಸಿದ ಶೆಹಾಬರು ತಮ್ಮ ದೇಶದ ಪುರಾತತ್ತ್ವ ಇಲಾಖೆಯನ್ನು ಕಟ್ಟಿ ಬೆಳೆಸಿದವರು. ಟೈರ್, ಅಂಜಾರ್ ಮೊದಲಾದ ಪ್ರಾಚೀನ ನಗರಗಳ ಉತ್ಖನನವನ್ನು ನಡೆಸಿದರು. 1942ರಲ್ಲಿ ಉದ್ಘಾಟನೆಗೊಂಡ ಬೇರೂತಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೊಣೆಯೂ ಅವರದಾಯಿತು. ಬಿಬ್ಲೋಸ್ ನಗರದ ಅರಸ ಅಹಿರಾಮನ ಶಿಲಾಶವಪೆಟ್ಟಿಗೆ ಅಲ್ಲಿದೆ. 1923ರಲ್ಲಿ ದೊರೆತ ಆ ಪೆಟ್ಟಿಗೆಯ ಮೇಲಿನ ಬರಹವು ಫಿನೀಷಿಯನ್ ಅಕ್ಷರಮಾಲೆಯ ಅತಿ ಪ್ರಾಚೀನ ಲೇಖನಗಳಲ್ಲೊಂದು. ಗ್ರೀಕ್, ಲ್ಯಾಟಿನ್ ಲಿಪಿಗಳ ಮೂಲ ಆ ಅಕ್ಷರಮಾಲೆಯೇ. ಗೋರಿಯನ್ನು ಕದಡಿದವನಿಗೆ ಕೇಡಾಗಲೆಂಬ ಶಾಪವೂ ಅದರಲ್ಲಿ ಕೆತ್ತಲ್ಪಟ್ಟಿದೆ.

1975ರಲ್ಲಿ ಅಂತರ್ಯುದ್ಧವು ಪ್ರಾರಂಭವಾದಾಗ ಬೇರೂತ್ ನಗರ ಎರಡಾಗಿ ಸೀಳಿತು. ಪೂರ್ವ ಪಶ್ಚಿಮಗಳನ್ನು ಬೇರ್ಪಡಿಸಿದ ಆ ರೇಖೆಯ ಮೇಲೆಯೇ ವಸ್ತುಸಂಗ್ರಹಾಲಯವಿದ್ದಿತು. ಅದರ ಮುಂದಿನ ದಾರಿಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಠಾಣೆಯಾಯಿತು. ಕಟ್ಟಡವು ಹೋರಾಟಗಾರರ ಬಿಡಾರವಾಯಿತು. ಅಹಿರಾಮನ ಶಾಪಕ್ಕೆ ಅಂಜುವವರು ಅಲ್ಲಿ ಯಾರಿದ್ದರು?

ಶೆಹಾಬರೂ ಅವರ ಪತ್ನಿ ಓಲ್ಗಾ ಅವರೂ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಸಣ್ಣ ವಸ್ತುಗಳನ್ನು ನೆಲಮಾಳಿಗೆಗೆ ಸಾಗಿಸಿ, ಅಲ್ಲಿಗೆ ಯಾರೂ ಇಳಿಯದಂತೆ ಗೋಡೆ ಕಟ್ಟಿ ಮುಚ್ಚಿಸಿದರು. ನೆಲಕ್ಕೆ ಜೋಡಿಸಿದ್ದ ಮೊಸಾಯಿಕ್ ಚಿತ್ರಗಳ ಮೇಲೆ ಕಾಂಕ್ರೀಟಿನ ಪದರ ಹಾಸಿಸಿದರು. ಅಲುಗಿಸಲಾಗದ ವಿಗ್ರಹಗಳಿಗೂ ಶಿಲಾಪೆಟ್ಟಿಗೆಗಳಿಗೂ ಮೊದಲು ಮರಳಿನ ಚೀಲಗಳ ಆಸರೆ ಕೊಡಲಾಯಿತು. 1982ರಲ್ಲಿ ಕದನ ಉಗ್ರವಾದಾಗ ಅವುಗಳ ಸುತ್ತ ಮರದ ಚೌಕಟ್ಟು ಕಟ್ಟಿ ಕಾಂಕ್ರೀಟು ಸುರಿಯಲಾಯಿತು. ನೋಡುವವನಿಗೆ ಕಾಣುತ್ತಿದ್ದುದು ಬರಿಯ ದಿಮ್ಮಿಗಳು. ಜೀವಮಾನವೆಲ್ಲ ಅಗೆದು ಬೆಳಕಿಗೆ ತಂದುದನ್ನು ಅದೇ ಕೈಗಳು ಮರಳಿ ಕತ್ತಲೆಗೆ ಒಪ್ಪಿಸಿದವು.

ಮನುಷ್ಯರು ಸಾಯುತ್ತಿರುವಾಗ ಕಲ್ಲುಗಳ ಚಿಂತೆ ಏಕೆಂದು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ಜೀವಕ್ಕೆ ಸಮನಾದ ಶಿಲ್ಪ ಯಾವುದೂ ಇಲ್ಲ. ಆದರೆ ಈ ರಕ್ಷಣೆಗೆ ಯಾವ ಜೀವವನ್ನೂ ಬಲಿಕೊಡಬೇಕಾಗಲಿಲ್ಲ. ಅದರ ಸಾಧನಗಳು ಮರಳು, ಮರ, ಸಿಮೆಂಟು ಮತ್ತು ಮೌನ. ಮೇಲಾಗಿ ಮತಪಂಥಗಳ ಹೆಸರಿನಲ್ಲಿ ಹೋರಾಡುತ್ತಿದ್ದ ಆ ಜನಕ್ಕೆ, ಯಾವ ಒಂದು ಪಂಥಕ್ಕೂ ಸೇರದೆ ಎಲ್ಲರಿಗೂ ಸೇರಿದ ಆಸ್ತಿ ಅದೊಂದೇ ಆಗಿದ್ದಿತು. ಅದೂ ಅಳಿದಿದ್ದರೆ, ಯುದ್ಧ ನಿಂತ ಮೇಲೆ 'ನಮ್ಮದು' ಎಂದು ಎಲ್ಲರೂ ಒಟ್ಟಾಗಿ ಹೇಳಿಕೊಳ್ಳಲು ಏನು ಉಳಿಯುತ್ತಿದ್ದಿತು?

ಎಲ್ಲವೂ ಉಳಿಯಿತೆಂದಲ್ಲ. ಪಕ್ಕದ ಕಟ್ಟಡಕ್ಕೆ ಗುಂಡು ಬಿದ್ದು ಬೆಂಕಿ ಹತ್ತಿ ನಕ್ಷೆಗಳು, ಛಾಯಾಚಿತ್ರಗಳು, ದಾಖಲೆಗಳು ಹಾಗೂ 45 ಪೆಟ್ಟಿಗೆಗಳಷ್ಟು ಪ್ರಾಚೀನ ವಸ್ತುಗಳು ಭಸ್ಮವಾದವು. ಕುರುಬನ ಮೊಸಾಯಿಕ್ ಚಿತ್ರವೊಂದರಲ್ಲಿ ಬಂದೂಕುಧಾರಿಯು ಗುರಿ ನೋಡಲು ರಂಧ್ರ ಕೊರೆದನು. ಮುಚ್ಚಿದ ನೆಲಮಾಳಿಗೆಗೆ ನೀರು ನುಗ್ಗಿ ತೇವದಿಂದಲೂ ಹಾನಿಯಾಯಿತು. ಕಾಪಾಡಲು ಮಾಡಿದ ಉಪಾಯಕ್ಕೂ ಅದರದೇ ಆದ ನಷ್ಟವುಂಟು. ಶೆಹಾಬರ ಮುಂದಿದ್ದುದು ದೊಡ್ಡ ನಾಶ ಮತ್ತು ಸಣ್ಣ ನಾಶಗಳ ನಡುವಣ ಆಯ್ಕೆ ಮಾತ್ರ.

1982ರಲ್ಲಿ ಅವರು ನಿವೃತ್ತರಾದರು. 1990ರಲ್ಲಿ ಯುದ್ಧ ಕೊನೆಗೊಂಡಿತು. 1994ರಲ್ಲಿ ಅವರು ತೀರಿಕೊಂಡರು. ವಸ್ತುಸಂಗ್ರಹಾಲಯವು 1997ರಲ್ಲಿ ಮತ್ತೆ ಬಾಗಿಲು ತೆರೆಯಿತು. ನೆಲಮಾಳಿಗೆ ಜನರಿಗೆ ತೆರೆದುದು 2016ರಲ್ಲಿ. ಕಾಂಕ್ರೀಟು ಒಡೆದಾಗ ಅಹಿರಾಮನ ಪೆಟ್ಟಿಗೆ ಅದರೊಳಗಿದ್ದಿತು. ಕಾಯ್ದವರು ಮಾತ್ರ ಆ ಬಾಗಿಲು ತೆರೆದ ದಿನವನ್ನು ಕಾಣಲಿಲ್ಲ.

ಸತ್ಯವ್ರತದ ಅದೇ ಪಟ್ಟಿಯಲ್ಲಿ ಸಾಕಾರಮಂತ್ರಭೇದವೂ ಇದೆ. ಪರರ ಗುಟ್ಟನ್ನು ಚರ್ಯೆಯಿಂದ ಊಹಿಸಿ ಬಯಲುಮಾಡುವುದು. ನ್ಯಾಸವನ್ನು ಕಾಯುವುದೂ ಗುಟ್ಟನ್ನು ಕಾಯುವುದೂ ಒಂದೇ ವ್ರತದ ಅಂಗಗಳೆಂದು ಆಚಾರ್ಯರು ತಿಳಿದಿದ್ದರು.

ನಮ್ಮ ಬಸದಿಗಳ ವಿಶ್ವಸ್ತರು ಇದರಿಂದ ಕಲಿಯಬೇಕಾದುದು ಅಲ್ಪವಲ್ಲ. ನಮ್ಮಲ್ಲಿ ಯುದ್ಧವಿಲ್ಲ, ಆದರೆ ಕಳ್ಳತನವುಂಟು, ಗೆದ್ದಲುಂಟು, ಸೋರುವ ಮಾಡುಂಟು, ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಮೇಲೆ ಬಳಿಯುವ ಸುಣ್ಣವುಂಟು. ಜಿನಬಿಂಬಗಳೆಷ್ಟು, ತಾಳೆಗರಿಯ ಕಟ್ಟುಗಳೆಷ್ಟು, ಶಾಸನಗಳೆಲ್ಲಿ ಎಂಬ ಪಟ್ಟಿಯನ್ನು ಛಾಯಾಚಿತ್ರ ಸಹಿತ ಬರೆದು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬೇರೂತಿನಲ್ಲಿ ಸುಟ್ಟ ದಾಖಲೆಗಳು ಈ ಎಚ್ಚರವನ್ನೇ ಹೇಳುತ್ತವೆ.

ನಾಳೆ ಹುಟ್ಟುವ ಶ್ರಾವಕನಿಗೆ ತನ್ನ ಹಿರಿಯರು ಎಷ್ಟು ಇರಿಸಿದ್ದರೆಂಬುದು ತಿಳಿದಿರುವುದಿಲ್ಲ. ಅವನು ಎಣಿಕೆ ಅರಿಯದೆಯೇ ಬಂದು ಕೇಳುತ್ತಾನೆ. ಅಂದು 'ಅಷ್ಟೇ ಇತ್ತು' ಎಂದು ಹೇಳಬೇಕಾದ ದೋಷವು ನಮಗೆ ಬಾರದಿರಲಿ.